ವಂಶದ ಎಳೆ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ಕನ್ನಡನಾಡಿನ ಮನೆಮನೆಯಲ್ಲಿಯೂ ಕೇಳಿಬರುತ್ತದೆ. ತೊಟ್ಟಿಲಿನ ಸುತ್ತ ನೆರೆದ ಬಂಧುಗಳು ಕೂಸಿನ ಮೂಗು ಅಜ್ಜನದೆಂದೂ, ಬಣ್ಣ ತಾಯಿಯದೆಂದೂ, ಕಿವಿ ಸೋದರಮಾವನದೆಂದೂ ಹಂಚಿಕೊಡುವುದು ವಾಡಿಕೆ. ಹಿರಿಯರಿಂದ ಹೊಲಮನೆಗಳು ಬರುವಂತೆ ಮೈಬಣ್ಣ, ಎತ್ತರ, ಮುಖಚರ್ಯೆಗಳೂ ಬರುತ್ತವೆಂಬುದನ್ನು ಮನುಷ್ಯ ಬಹು ಹಿಂದೆಯೇ ಕಂಡುಕೊಂಡಿದ್ದ. ಆದರೆ ಆಸ್ತಿಯ ಜೊತೆಯಲ್ಲಿ ಕೆಲವೊಮ್ಮೆ ಸಾಲವೂ ಬರುವಂತೆ, ರೂಪದ ಜೊತೆಯಲ್ಲಿ ಅಪರೂಪಕ್ಕೆ ರೋಗವೂ ಬರುವುದುಂಟು. ಹಿರಿಯರ ಆಸ್ತಿಯನ್ನು ಬೇಡವೆನ್ನಬಹುದು. ರಕ್ತದಲ್ಲಿ ಬಂದ ಈ ಸಾಲವನ್ನು ಬೇಡವೆನ್ನುವಂತಿಲ್ಲ.

ಒಂದೇ ಮನೆತನದಲ್ಲಿ ತಂದೆಗೆ ಬಂದ ಕಾಯಿಲೆ ಮಗನಿಗೂ, ಮಗನಿಗೆ ಬಂದದ್ದು ಮೊಮ್ಮಗಳಿಗೂ ಬರುವುದನ್ನು ಕಂಡಾಗ ಜನರು ಅದಕ್ಕೆ ತಮಗೆ ತಿಳಿದ ಕಾರಣಗಳನ್ನು ಹೇಳುತ್ತಿದ್ದರು. ಯಾರದೋ ಶಾಪ, ಹಿಂದಿನ ಜನ್ಮದ ಪಾಪ, ದೈವದ ಮುನಿಸು ಎಂದು ನಂಬಿದರು. ಅಂತಹ ಮನೆಗೆ ಹೆಣ್ಣು ಕೊಡಲು, ಆ ಮನೆಯಿಂದ ಹೆಣ್ಣು ತರಲು ಹಿಂಜರಿದರು. ಮನೆಯವರು ಕಾಯಿಲೆಯನ್ನು ಮುಚ್ಚಿಟ್ಟರು, ಕಾಯಿಲೆಯವರನ್ನೂ ಮುಚ್ಚಿಟ್ಟರು. ಈ ಕತ್ತಲೆಯೊಳಕ್ಕೆ ಬೆಳಕು ಹೇಗೆ ಬಂತು, ಆ ಬೆಳಕಿನಿಂದ ಏನಾಯಿತು, ಇನ್ನೂ ಏನಾಗಬೇಕಾಗಿದೆ ಎಂಬುದನ್ನು ತಿಳಿಯಲು ಹಂಟಿಂಗ್‌ಟನ್ ರೋಗವೆಂಬ ಒಂದು ವ್ಯಾಧಿಯ ಕಥೆಯೇ ಸಾಕು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್ ಎಂಬ ದ್ವೀಪದಲ್ಲಿ ಈಸ್ಟ್ ಹ್ಯಾಂಪ್ಟನ್ ಎಂಬ ಊರಿದೆ. ಅಲ್ಲಿ ಹಂಟಿಂಗ್‌ಟನ್ ಮನೆತನದವರು ಮೂರು ತಲೆಮಾರು ವೈದ್ಯರಾಗಿದ್ದರು. ಅಜ್ಜ ವೈದ್ಯ, ತಂದೆ ವೈದ್ಯ; 1850ರಲ್ಲಿ ಹುಟ್ಟಿದ ಮೊಮ್ಮಗ ಜಾರ್ಜ್ ಹಂಟಿಂಗ್‌ಟನ್ ಕೂಡ ವೈದ್ಯನಾದ. ಜಾರ್ಜ್ ಚಿಕ್ಕ ಹುಡುಗನಾಗಿದ್ದಾಗ ತಂದೆಯ ಗಾಡಿಯಲ್ಲಿ ಕುಳಿತು ರೋಗಿಗಳ ಮನೆಗಳಿಗೆ ಹೋಗುತ್ತಿದ್ದ. ಒಂದು ದಿನ ದಾರಿಯಲ್ಲಿ ತಾಯಿ ಮಗಳಿಬ್ಬರು ಎದುರಾದರು. ಇಬ್ಬರೂ ಎತ್ತರದವರು, ಬಡಕಲು ಮೈಯವರು. ಅವರ ಕೈಕಾಲುಗಳು ತಮ್ಮಷ್ಟಕ್ಕೆ ತಾವೇ ತಿರುಚುತ್ತಿದ್ದವು, ಮೈ ಬಾಗುತ್ತಿತ್ತು, ಮುಖ ವಿಕಾರವಾಗುತ್ತಿತ್ತು. ಹುಡುಗ ಬೆರಗಾಗಿ, ಭಯಪಟ್ಟು ನೋಡಿದ. ತಂದೆ ನಿಂತು ಅವರೊಡನೆ ಮಾತನಾಡಿ ಮುಂದೆ ಸಾಗಿದರು. ಆ ನೋಟ ಹುಡುಗನ ಮನಸ್ಸಿನಿಂದ ಅಳಿಯಲಿಲ್ಲ.

1871ರಲ್ಲಿ ಜಾರ್ಜ್ ವೈದ್ಯಪದವಿ ಪಡೆದು ಒಹಾಯೊ ರಾಜ್ಯದಲ್ಲಿ ವೃತ್ತಿಯನ್ನು ಆರಂಭಿಸಿದ. ಮರುವರ್ಷ, ಇನ್ನೂ ಇಪ್ಪತ್ತೆರಡರ ಪ್ರಾಯದಲ್ಲಿಯೇ, ಆತ ಬರೆದ ಒಂದು ಚಿಕ್ಕ ಪ್ರಬಂಧ ಫಿಲಡೆಲ್ಫಿಯದ ವೈದ್ಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರ ವಿಷಯ ‘ಕೊರಿಯ’. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ಕುಣಿತವೆಂದು ಅರ್ಥ. ಮನಸ್ಸಿನ ಹತೋಟಿಯಿಲ್ಲದೆ ಅಂಗಾಂಗಗಳು ಕುಣಿದಂತೆ ಚಲಿಸುವ ಕಾಯಿಲೆಗಳಿಗೆ ವೈದ್ಯರು ಈ ಹೆಸರನ್ನಿಟ್ಟಿದ್ದರು. ಪ್ರಬಂಧದ ಬಹುಭಾಗ ಆಗಲೇ ತಿಳಿದಿದ್ದ ಸಂಗತಿಗಳದು. ಕೊನೆಯಲ್ಲಿ ಮಾತ್ರ ಆತ ತನ್ನ ಊರಿನ ಕೆಲವು ಕುಟುಂಬಗಳಲ್ಲಿ ಕಂಡುಬರುವ ಒಂದು ವಿಶೇಷ ಬಗೆಯ ಕೊರಿಯವನ್ನು ವರ್ಣಿಸಿದ. ಅದು ವಂಶಪಾರಂಪರ್ಯವಾಗಿ ಬರುತ್ತದೆ. ಮನಸ್ಸನ್ನು ಕೆಡಿಸಿ ಆತ್ಮಹತ್ಯೆಯತ್ತ ತಳ್ಳುತ್ತದೆ. ಪ್ರಾಯ ತುಂಬಿದ ಮೇಲೆಯೇ ಉಗ್ರರೂಪ ತಾಳುತ್ತದೆ ಎಂಬ ಮೂರು ಲಕ್ಷಣಗಳನ್ನು ಎತ್ತಿ ತೋರಿಸಿದ. ತಂದೆ ತಾಯಿಯರಲ್ಲಿ ಒಬ್ಬರಿಗೆ ರೋಗವಿದ್ದರೆ ಮಕ್ಕಳಲ್ಲಿ ಒಬ್ಬರಿಗಾದರೂ ಅದು ಬರುವ ಸಂಭವ ಹೆಚ್ಚು. ಆದರೆ ಯಾವ ಮಗು ರೋಗಕ್ಕೆ ತುತ್ತಾಗದೆ ಬದುಕನ್ನು ಮುಗಿಸುತ್ತದೆಯೋ ಅಲ್ಲಿಗೆ ವಂಶದ ಆ ಎಳೆ ಕಡಿದಂತೆ. ಅದರ ಮಕ್ಕಳು ಮೊಮ್ಮಕ್ಕಳಲ್ಲಿ ರೋಗ ಮತ್ತೆ ತಲೆಯೆತ್ತುವುದಿಲ್ಲ ಎಂಬುದು ಆತ ಗುರುತಿಸಿದ ಬಹು ಮುಖ್ಯವಾದ ಸತ್ಯ. ಒಬ್ಬ ತರುಣನಿಗೆ ಇದು ಹೇಗೆ ಸಾಧ್ಯವಾಯಿತು? ಅಜ್ಜನೂ ತಂದೆಯೂ ಹಲವು ದಶಕಗಳ ಕಾಲ ಅದೇ ಕುಟುಂಬಗಳನ್ನು ಕಂಡಿದ್ದರು. ರೋಗ ಮೂರು ತಲೆಮಾರು ಹರಿದಿತ್ತು. ಅದನ್ನು ನೋಡಿದ ಕಣ್ಣುಗಳೂ ಮೂರು ತಲೆಮಾರಿನವು. ಅಂದಿನಿಂದ ಈ ವ್ಯಾಧಿಗೆ ಹಂಟಿಂಗ್‌ಟನ್ ರೋಗವೆಂಬ ಹೆಸರು ನಿಂತಿತು.

ಈ ರೋಗ ಸಾಮಾನ್ಯವಾಗಿ ಮೂವತ್ತರಿಂದ ಐವತ್ತು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಮೊದಮೊದಲು ಕೈಯಿಂದ ಲೋಟ ಜಾರುವುದು, ಬೆರಳುಗಳು ಸುಮ್ಮನೆ ಮಿಡಿಯುವುದು, ಸಣ್ಣ ಮಾತಿಗೆ ಸಿಟ್ಟು ಬರುವುದು, ಮರೆವು ಇಂತಹವು ತೋರುತ್ತವೆ. ವರ್ಷಗಳು ಕಳೆದಂತೆ ಅಂಗಾಂಗಗಳ ಅಲುಗಾಟ ಹೆಚ್ಚುತ್ತದೆ, ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ, ಅನ್ನ ನುಂಗುವುದೂ ಕಷ್ಟವಾಗುತ್ತದೆ. ಮಿದುಳಿನ ಆಳದಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ಭಾಗದ ನರಕೋಶಗಳು ಒಂದೊಂದಾಗಿ ಸಾಯುವುದೇ ಇದಕ್ಕೆ ಕಾರಣ. ರೋಗ ತಲೆದೋರಿದ ಮೇಲೆ ಹದಿನೈದರಿಂದ ಇಪ್ಪತ್ತು ವರ್ಷ ಬದುಕುವವರೇ ಹೆಚ್ಚು. ಐರೋಪ್ಯ ಮೂಲದ ಜನರಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಇದು ಕಂಡುಬರುತ್ತದೆ. ಏಷ್ಯದ ಜನರಲ್ಲಿ ಇನ್ನೂ ವಿರಳ. ಅಮೆರಿಕದ ಹೆಸರಾಂತ ಜಾನಪದ ಗಾಯಕ ವುಡಿ ಗತ್ರಿ 1967ರಲ್ಲಿ, ತನ್ನ ಐವತ್ತೈದನೆಯ ವಯಸ್ಸಿನಲ್ಲಿ, ಈ ರೋಗದಿಂದಲೇ ತೀರಿಕೊಂಡ. ಆತನ ತಾಯಿಯೂ ಇದರಿಂದಲೇ ಹುಚ್ಚರ ಆಸ್ಪತ್ರೆ ಸೇರಿ ಮಡಿದಿದ್ದಳು. ಆತನ ರೋಗವನ್ನು ವೈದ್ಯರು ಸರಿಯಾಗಿ ಗುರುತಿಸುವ ಮುನ್ನ ಅದನ್ನು ಕುಡಿತದ ಫಲವೆಂದು ಬಗೆದವರೂ ಇದ್ದರು.

ಹಂಟಿಂಗ್‌ಟನ್ ತನ್ನ ಪ್ರಬಂಧವನ್ನು ಬರೆಯುವುದಕ್ಕೆ ಆರು ವರ್ಷ ಮೊದಲೇ, ಆ ಒಗಟಿಗೆ ಉತ್ತರ ಯೂರೋಪಿನಲ್ಲಿ ಅಚ್ಚಾಗಿತ್ತು. ಆದರೆ ಅದನ್ನು ಗಮನಿಸಿದವರಿರಲಿಲ್ಲ. ಬ್ರನೊ ನಗರದ ಮಠವೊಂದರ ಸನ್ಯಾಸಿ ಗ್ರೆಗೊರ್ ಮೆಂಡೆಲ್ ಮಠದ ತೋಟದಲ್ಲಿ ಎಂಟು ವರ್ಷ ಬಟಾಣಿ ಗಿಡಗಳನ್ನು ಬೆಳೆಸಿ ಎಣಿಸಿದ್ದ. ಹಳದಿ ಬೀಜದ ಗಿಡವನ್ನೂ ಹಸುರು ಬೀಜದ ಗಿಡವನ್ನೂ ಕೂಡಿಸಿದಾಗ ಹುಟ್ಟಿದ ಬೀಜಗಳೆಲ್ಲ ಹಳದಿಯಾಗಿಯೇ ಇದ್ದವು. ಆದರೆ ಅವನ್ನು ಬಿತ್ತಿ ಬೆಳೆದ ಗಿಡಗಳಲ್ಲಿ 6022 ಹಳದಿ ಬೀಜಗಳಿಗೆ 2001 ಹಸುರು ಬೀಜಗಳು ಮತ್ತೆ ಕಾಣಿಸಿಕೊಂಡವು. ಹಸುರು ಗುಣ ನಾಶವಾಗಿರಲಿಲ್ಲ, ಅಡಗಿತ್ತು. ಪ್ರತಿಯೊಂದು ಗುಣಕ್ಕೂ ಎರಡು ಅಂಶಗಳಿರುತ್ತವೆ, ಒಂದು ತಂದೆಯಿಂದ, ಒಂದು ತಾಯಿಯಿಂದ. ಒಂದೇ ಇದ್ದರೂ ಮೇಲೆದ್ದು ತೋರುವಂಥದು ಪ್ರಬಲ. ಎರಡೂ ಕೂಡಿದಾಗ ಮಾತ್ರ ತೋರುವಂಥದು ದುರ್ಬಲ ಎಂದು ಮೆಂಡೆಲ್ ವಿವರಿಸಿದ. 1900ರಲ್ಲಿ ಮೂವರು ವಿಜ್ಞಾನಿಗಳು ಈ ನಿಯಮವನ್ನು ಮತ್ತೆ ಕಂಡುಹಿಡಿದಾಗ, ಹಂಟಿಂಗ್‌ಟನ್ ರೋಗವು ಪ್ರಬಲ ಅಂಶದ ನಡೆಗೆ ಒಳ್ಳೆಯ ನಿದರ್ಶನವೆಂಬುದು ಬೇಗನೆ ಹೊಳೆಯಿತು.

ಮೆಂಡೆಲ್ ಹೇಳಿದ ಅಂಶಗಳನ್ನೇ ಇಂದು ವಂಶವಾಹಿಗಳೆಂದು ಕರೆಯುತ್ತೇವೆ. ಮನುಷ್ಯದೇಹದ ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಅವು 23 ಜೋಡಿಗಳಾಗಿವೆ. ಒಂದು ಜೋಡಿ ಹೆಣ್ಣು ಗಂಡೆಂಬುದನ್ನು ನಿರ್ಣಯಿಸುತ್ತದೆ. ಅವು ಲಿಂಗ ವರ್ಣತಂತುಗಳು. ಉಳಿದ 22 ಜೋಡಿಗಳು ಹೆಣ್ಣು ಗಂಡುಗಳಲ್ಲಿ ಒಂದೇ ಸಮನಾಗಿವೆ. ಇವು ಅಲಿಂಗ ವರ್ಣತಂತುಗಳು. ಈ ತಂತುಗಳಲ್ಲಿ ಡಿ.ಎನ್.ಎ. ಎಂಬ ನೀಳವಾದ ಎಳೆ ಸುರುಳಿಗೊಂಡಿದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳಲ್ಲಿ ಬರೆದ ಮಹಾಗ್ರಂಥ ಅದು. ಗ್ರಂಥದ ಒಂದೊಂದು ಅಧ್ಯಾಯವೇ ಒಂದೊಂದು ವಂಶವಾಹಿ. ಯಾವ ಪ್ರೋಟೀನನ್ನು ಹೇಗೆ ಕಟ್ಟಬೇಕೆಂಬ ವಿಧಿ ಅದರಲ್ಲಿದೆ.

ಹಿಂದಿನ ಕಾಲದಲ್ಲಿ ಓಲೆಗರಿಯ ಗ್ರಂಥಗಳನ್ನು ಪ್ರತಿಕಾರರು ಕೈಯಿಂದ ನಕಲು ಮಾಡುತ್ತಿದ್ದರು. ಕಣ್ಣು ತಪ್ಪಿ ಒಂದಕ್ಷರ ಬಿಟ್ಟುಹೋದರೆ, ಒಂದು ಮಾತು ಎರಡು ಸಲ ಬಿದ್ದರೆ, ಆ ಪ್ರತಿಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲಿಯೂ ಆ ತಪ್ಪು ಉಳಿದುಬರುತ್ತಿತ್ತು. ವಂಶವಾಹಿಯ ಬರಹದಲ್ಲಿಯೂ ಹೀಗೆಯೇ. ಅಲ್ಲಿ ಉಂಟಾಗುವ ಬದಲಾವಣೆಗೆ ಉತ್ಪರಿವರ್ತನೆಯೆಂದು ಹೆಸರು. ಪ್ರತಿಯೊಬ್ಬರ ಬಳಿಯಲ್ಲಿಯೂ ಅಲಿಂಗ ವರ್ಣತಂತುಗಳ ಒಂದೊಂದು ಅಧ್ಯಾಯಕ್ಕೆ ಎರಡೆರಡು ಪ್ರತಿಗಳಿವೆ. ಒಂದು ಪ್ರತಿ ಕೆಟ್ಟರೂ ಇನ್ನೊಂದನ್ನು ನೋಡಿಕೊಂಡು ದೇಹ ಕೆಲಸ ನಡೆಸಬಲ್ಲುದಾದರೆ ರೋಗ ತೋರುವುದಿಲ್ಲ. ಎರಡೂ ಕೆಟ್ಟಾಗ ಮಾತ್ರ ಅದು ತಲೆಯೆತ್ತುತ್ತದೆ. ಥಲಸ್ಸೇಮಿಯ, ಕುಡಗೋಲು ರಕ್ತಕಣದ ರೋಗ ಮುಂತಾದವು ಈ ದುರ್ಬಲ ಬಗೆಯವು. ಒಂದೇ ಪ್ರತಿ ಕೆಟ್ಟರೂ ರೋಗ ಬರುವುದಾದರೆ ಅದು ಪ್ರಬಲ ಬಗೆಯದು. ಹಂಟಿಂಗ್‌ಟನ್ ರೋಗ ಈ ಎರಡನೆಯ ವರ್ಗಕ್ಕೆ ಸೇರಿದುದು.

ಒಳ್ಳೆಯ ಪ್ರತಿಯೊಂದು ಜೊತೆಯಲ್ಲಿಯೇ ಇರುವಾಗ ಕೆಟ್ಟ ಪ್ರತಿಯೊಂದು ದೇಹವನ್ನು ಹೇಗೆ ಕೆಡಿಸೀತು ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಜೋಡೆತ್ತು ಎಳೆಯಬೇಕಾದ ಗಾಡಿಯನ್ನು ಒಂದೇ ಎತ್ತು ಎಳೆಯಲಾರದು. ಹಾಗೆಯೇ ಕೆಲವು ಪ್ರೋಟೀನುಗಳು ಅರ್ಧದಷ್ಟು ಮಾತ್ರ ತಯಾರಾದರೆ ದೇಹಕ್ಕೆ ಸಾಲುವುದಿಲ್ಲ. ರಕ್ತದ ಕೊಬ್ಬನ್ನು ಒಳಗೆ ಸೆಳೆದುಕೊಳ್ಳುವ ಗ್ರಾಹಕಗಳು ಹೀಗೆ ಕಡಿಮೆಯಾದ ಕುಟುಂಬಗಳಲ್ಲಿ ಚಿಕ್ಕ ಪ್ರಾಯದಲ್ಲಿಯೇ ಹೃದಯಾಘಾತ ಬರುವುದುಂಟು. ಈ ಗ್ರಾಹಕಗಳ ರಹಸ್ಯವನ್ನು ಬಯಲು ಮಾಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ವಿಜ್ಞಾನಿಗಳಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಎರಡನೆಯದು ಹಗ್ಗದ ದಾರಿ. ಮೂರು ಎಳೆ ಸೇರಿಸಿ ಹೊಸೆದ ಹಗ್ಗದಲ್ಲಿ ಒಂದೆಳೆ ಕೊಳೆತದ್ದಾದರೆ ಇಡೀ ಹಗ್ಗವೇ ದುರ್ಬಲ. ಮೂಳೆಗೆ ಬಲ ನೀಡುವ ಕೊಲ್ಲಾಜೆನ್ ಎಂಬ ಪ್ರೋಟೀನು ಮೂರು ಎಳೆಗಳ ಹಗ್ಗವೇ ಆಗಿದೆ. ಅದರ ಒಂದೆಳೆ ವಿಕೃತವಾದಾಗ ಮೂಳೆಗಳು ಸಣ್ಣ ಪೆಟ್ಟಿಗೂ ಮುರಿಯುತ್ತವೆ. ಮೂರನೆಯದರಲ್ಲಿ ಕೆಟ್ಟ ಪ್ರತಿಯಿಂದ ಹುಟ್ಟಿದ ಪ್ರೋಟೀನು ಸುಮ್ಮನಿರದೆ ಹೊಸದೊಂದು ಉಪದ್ರವಕ್ಕೆ ತೊಡಗುತ್ತದೆ. ಕೊಡದ ತುಂಬ ಹಾಲಿದ್ದರೂ ಅದರೊಳಗೆ ಬಿದ್ದ ಹುಳಿಯನ್ನು ಒಳ್ಳೆಯ ಹಾಲು ತಡೆಯಲಾರದಷ್ಟೆ. ಹಂಟಿಂಗ್‌ಟನ್ ರೋಗದ್ದು ಬಹುಮಟ್ಟಿಗೆ ಈ ಮೂರನೆಯ ದಾರಿ.

ಇಂತಹ ರೋಗ ತಂದೆಗೋ ತಾಯಿಗೋ ಇದ್ದಾಗ ಮಕ್ಕಳ ಗತಿಯೇನು? ಪೋಷಕನು ತನ್ನ ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ ಮಗುವಿಗೆ ಕೊಡುತ್ತಾನೆ. ಅದು ಒಳ್ಳೆಯದಾಗಿರುವ ಸಂಭವವೂ ಕೆಟ್ಟದಾಗಿರುವ ಸಂಭವವೂ ಸಮಸಮ, ನಾಣ್ಯವನ್ನು ಚಿಮ್ಮಿದಂತೆ. ಇಲ್ಲಿ ಜನರು ಸಾಮಾನ್ಯವಾಗಿ ಒಂದು ತಪ್ಪು ತಿಳಿವಳಿಕೆಗೆ ಬೀಳುತ್ತಾರೆ. ನಾಲ್ಕು ಮಕ್ಕಳಿದ್ದರೆ ಇಬ್ಬರಿಗೆ ಬಂದು ಇಬ್ಬರಿಗೆ ಬಾರದು, ಅಣ್ಣನಿಗೆ ಬಂದರೆ ತಮ್ಮನಿಗೆ ತಪ್ಪಿತು ಎಂದುಕೊಳ್ಳುತ್ತಾರೆ. ಆದರೆ ನಾಣ್ಯಕ್ಕೆ ನೆನಪಿಲ್ಲ. ಪ್ರತಿ ಮಗುವಿಗೂ ಅದನ್ನು ಹೊಸದಾಗಿ ಚಿಮ್ಮಬೇಕು. ನಾಲ್ವರಿಗೂ ರೋಗ ತಪ್ಪುವ ಸಂಭವ ಹದಿನಾರರಲ್ಲಿ ಒಂದು. ನಾಲ್ವರಿಗೂ ಬರುವ ಸಂಭವವೂ ಅಷ್ಟೆ. ಅಲಿಂಗ ವರ್ಣತಂತುವಿನಲ್ಲಿರುವುದರಿಂದ ಗಂಡು ಹೆಣ್ಣೆಂಬ ಭೇದವೂ ಇದಕ್ಕಿಲ್ಲ. ರೋಗವನ್ನು ಸೊಸೆಯೇ ತಂದಳೆಂದು ದೂರುವುದು ಹೇಗೆ ಅನ್ಯಾಯವೋ, ತಂದೆಯನ್ನು ದೂರುವುದೂ ಹಾಗೆಯೇ ಅನ್ಯಾಯ. ಯಾವ ಪ್ರತಿ ಹೋಗಬೇಕೆಂಬುದು ಯಾರ ಇಚ್ಛೆಗೂ ಒಳಪಟ್ಟದ್ದಲ್ಲ.

ಇನ್ನೆರಡು ಮಾತುಗಳನ್ನು ಇಲ್ಲಿಯೇ ಹೇಳಬೇಕು. ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ಮದುವೆಯಾಗುವ ಪದ್ಧತಿ ನಮ್ಮಲ್ಲಿದೆ. ಒಂದೇ ಮೂಲದ ಕೆಟ್ಟ ಪ್ರತಿಗಳೆರಡು ಒಂದೆಡೆ ಸೇರಲು ಇದು ಎಡೆಮಾಡಿಕೊಡುವುದರಿಂದ ದುರ್ಬಲ ಬಗೆಯ ರೋಗಗಳಿಗೆ ಇದು ಕಾರಣವಾಗುತ್ತದೆ. ಪ್ರಬಲ ರೋಗಗಳಿಗಾದರೋ ಒಂದೇ ಪ್ರತಿ ಸಾಕು. ಸಂಬಂಧದೊಳಗೆ ಮದುವೆಯಾದರೂ, ಹೊರಗೆ ಮದುವೆಯಾದರೂ, ರೋಗವಿರುವವರ ಮಗುವಿಗೆ ಸಮಪಾಲಿನ ಅಪಾಯ ಇದ್ದೇ ಇರುತ್ತದೆ. ಎರಡನೆಯದಾಗಿ, ವಂಶದಲ್ಲಿ ಯಾರಿಗೂ ಇಲ್ಲದ ಪ್ರಬಲ ರೋಗ ಒಂದು ಮಗುವಿನಲ್ಲಿ ಹೊಸದಾಗಿ ಹುಟ್ಟುವುದೂ ಉಂಟು. ಕೈಕಾಲುಗಳು ಗಿಡ್ಡವಾಗಿ ಬೆಳೆಯುವ ಅಕಾಂಡ್ರೊಪ್ಲಾಸಿಯ ಎಂಬ ಕುಬ್ಜತೆಯಲ್ಲಿ ಸುಮಾರು ನೂರಕ್ಕೆ ಎಂಬತ್ತು ಮಕ್ಕಳ ತಂದೆ ತಾಯಿಯರು ಸಾಧಾರಣ ಎತ್ತರದವರೇ. ನಕಲಿನ ತಪ್ಪು ಆ ಪ್ರತಿಯಲ್ಲಿಯೇ ಮೊದಲ ಬಾರಿಗೆ ಬಿದ್ದಿರುತ್ತದೆ.

ಇಷ್ಟು ಘೋರವಾದ ಹಂಟಿಂಗ್‌ಟನ್ ರೋಗ ಕಾಲಕ್ರಮದಲ್ಲಿ ತಾನಾಗಿಯೇ ಅಳಿದುಹೋಗಬೇಕಿತ್ತಲ್ಲವೆ? ಅದರ ಕ್ರೌರ್ಯವಿರುವುದು ಅದು ತೋರುವ ಕಾಲದಲ್ಲಿ. ನಲವತ್ತರ ಹೊತ್ತಿಗೆ ಮನುಷ್ಯನಿಗೆ ಮದುವೆಯಾಗಿ ಮಕ್ಕಳಾಗಿರುತ್ತವೆ. ತನ್ನಲ್ಲಿ ರೋಗವಿದೆಯೆಂದು ಅವನಿಗೆ ತಿಳಿಯುವಷ್ಟರಲ್ಲಿ ಎಳೆ ಮುಂದಿನ ತಲೆಮಾರಿಗೆ ಸಂದುಹೋಗಿರುತ್ತದೆ. ತಂದೆ ಹಾಸಿಗೆ ಹಿಡಿದಾಗ ಪಕ್ಕದಲ್ಲಿ ಕುಳಿತು ಉಪಚಾರ ಮಾಡುವ ಮಗಳು, ನಾಳೆ ತನ್ನ ಗತಿಯೂ ಇದೇ ಆಗಬಹುದೆಂಬುದನ್ನು ಕಣ್ಣಾರೆ ಕಾಣುತ್ತಿರುತ್ತಾಳೆ.

ಅಂತಹ ಒಬ್ಬ ಮಗಳೇ ಈ ರೋಗದ ಮೂಲವನ್ನು ಹುಡುಕುವ ಕಾರ್ಯಕ್ಕೆ ಮುಂದಾದುದು ವಿಜ್ಞಾನದ ಇತಿಹಾಸದಲ್ಲಿ ಮನಮಿಡಿಯುವ ಅಧ್ಯಾಯ. ಅಮೆರಿಕದ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ವೆಕ್ಸ್‌ಲರ್ ಅವರ ತಾಯಿಗೆ 1968ರಲ್ಲಿ ಹಂಟಿಂಗ್‌ಟನ್ ರೋಗವಿರುವುದು ಗೊತ್ತಾಯಿತು. ತಂದೆ ಕೂಡಲೇ ಸಂಶೋಧನೆಗೆ ನೆರವಾಗುವ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ದಕ್ಷಿಣ ಅಮೆರಿಕದ ವೆನೆಜುವೆಲ ದೇಶದಲ್ಲಿ ಮಾರಕೈಬೊ ಸರೋವರದ ದಡದ ಹಳ್ಳಿಗಳಲ್ಲಿ ಈ ರೋಗ ದಟ್ಟವಾಗಿ ಹಬ್ಬಿತ್ತು. ಹತ್ತು ಸಾವಿರಕ್ಕೆ ಒಬ್ಬರಲ್ಲಿ ಕಾಣುವ ವ್ಯಾಧಿ ಅಲ್ಲಿ ಮನೆಮನೆಯ ಮಾತಾಗಿತ್ತು. ಓಲಾಡುತ್ತ ನಡೆಯುವ ಆ ಬಡ ಬೆಸ್ತರನ್ನು ಹೊರಗಿನವರು ಕುಡುಕರೆಂದು ಹಳಿಯುತ್ತಿದ್ದರು. ಅವರು ಕುಡುಕರಲ್ಲ, ಹಂಟಿಂಗ್‌ಟನ್ ರೋಗಿಗಳೆಂಬುದನ್ನು 1950ರ ದಶಕದಲ್ಲಿ ಜಗತ್ತಿಗೆ ತಿಳಿಸಿದವರು ಅಮೆರಿಕೊ ನೆಗ್ರೆಟೆ ಎಂಬ ವೆನೆಜುವೆಲದ ವೈದ್ಯರು. ಆ ಎಳೆಯನ್ನು ಹಿಂದಕ್ಕೆ ಹಿಡಿದು ಹೋದರೆ, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಬಾಳಿದ ಒಬ್ಬ ಮಹಿಳೆಯ ಸಂತಾನದವರೆಗೆ ಅದು ಮುಟ್ಟುತ್ತಿತ್ತು.

ನ್ಯಾನ್ಸಿ ವೆಕ್ಸ್‌ಲರ್ 1979ರಲ್ಲಿ ಮೊದಲ ಬಾರಿಗೆ ಅಲ್ಲಿಗೆ ಹೋದರು. 1981ರಿಂದ ಸಂಶೋಧಕರ ತಂಡದೊಡನೆ ವರ್ಷವರ್ಷವೂ ಹೋದರು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳಿಗೂ ದೋಣಿಯಲ್ಲಿ ಹೋಗಿ ವಂಶಾವಳಿಯನ್ನು ಕೇಳಿ ಬರೆದುಕೊಂಡರು. ರಕ್ತದ ಮಾದರಿಗಳನ್ನು ಪಡೆದರು. ರಕ್ತ ಕೊಡಲು ಜನರು ಅಂಜಿದಾಗ, ಆಕೆಯೂ ಇದೇ ರೋಗದ ಮನೆತನದವಳು, ಆಕೆಯೂ ಮಾದರಿ ಕೊಟ್ಟಿದ್ದಾಳೆ ಎಂದು ತಂಡದವರು ಆಕೆಯ ತೋಳಿನ ಮೇಲಿನ ಕಲೆಯನ್ನು ತೋರಿಸಿದರು. ಅಂದಿನಿಂದ ಜನರು ಆಕೆಯನ್ನು ತಮ್ಮವಳೆಂದು ಬಗೆದರು. ಹೀಗೆ ಬೆಳೆದ ವಂಶವೃಕ್ಷದಲ್ಲಿ ಕಡೆಗೆ 18,000ಕ್ಕೂ ಹೆಚ್ಚು ಮಂದಿಯ ಹೆಸರುಗಳು ಸೇರಿದವು. ತಂದೆ ತಾಯಿಯರಿಬ್ಬರಿಂದಲೂ ಕೆಟ್ಟ ಪ್ರತಿಯನ್ನು ಪಡೆದ ಕೆಲವರು ಅಲ್ಲಿ ಕಂಡುಬಂದರು. ಅವರ ರೋಗ ಒಂದೇ ಪ್ರತಿ ಪಡೆದವರ ರೋಗಕ್ಕಿಂತ ಎದ್ದು ಕಾಣುವಷ್ಟು ಉಗ್ರವಾಗಿರಲಿಲ್ಲ. ಪ್ರಬಲವೆಂಬ ಮಾತಿಗೆ ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ.

ಈ ರಕ್ತದ ಮಾದರಿಗಳು ಬಾಸ್ಟನ್ ನಗರದ ವಿಜ್ಞಾನಿ ಜೇಮ್ಸ್ ಗುಸೆಲ್ಲಾ ಅವರ ಪ್ರಯೋಗಶಾಲೆಗೆ ಬಂದವು. ರೋಗವಿದ್ದವರಲ್ಲಿ ರೋಗದೊಡನೆಯೇ ತಪ್ಪದೆ ಸಾಗಿಬರುವ ಡಿ.ಎನ್.ಎ. ಗುರುತೊಂದನ್ನು ಅವರ ತಂಡ ಹುಡುಕಿತು. ದಶಕಗಳೇ ಬೇಕಾದೀತೆಂದು ಹಲವರು ಎಣಿಸಿದ್ದ ಕೆಲಸ 1983ರಲ್ಲಿಯೇ ಫಲಿಸಿತು. ಕೆಟ್ಟ ವಂಶವಾಹಿ ನಾಲ್ಕನೆಯ ವರ್ಣತಂತುವಿನ ಕಿರುತೋಳಿನಲ್ಲಿದೆ ಎಂದು ಗೊತ್ತಾಯಿತು. ಬೀದಿ ಸಿಕ್ಕಿತು, ಮನೆ ಸಿಕ್ಕಲು ಇನ್ನೂ ಹತ್ತು ವರ್ಷ ಹಿಡಿಯಿತು. 1993ರ ಮಾರ್ಚ್ ತಿಂಗಳಲ್ಲಿ, ತಮ್ಮತಮ್ಮೊಳಗಿನ ಸ್ಪರ್ಧೆಯನ್ನು ಬದಿಗಿಟ್ಟು ಒಂದಾಗಿ ದುಡಿದ ಹಲವು ಪ್ರಯೋಗಶಾಲೆಗಳ ವಿಜ್ಞಾನಿಗಳು ಆ ವಂಶವಾಹಿಯನ್ನು ಪ್ರಕಟಿಸಿದರು. ಪ್ರಬಂಧದ ಕರ್ತೃಸ್ಥಾನದಲ್ಲಿ ವ್ಯಕ್ತಿಗಳ ಬದಲು ತಂಡದ ಹೆಸರನ್ನೇ ಇಟ್ಟರು.

ಆ ಅಧ್ಯಾಯದಲ್ಲಿದ್ದ ತಪ್ಪಾದರೂ ಯಾವುದು? ಅದರ ಆರಂಭದ ಬಳಿ ಸಿ-ಎ-ಜಿ ಎಂಬ ಮೂರಕ್ಷರದ ಮಾತು ಮತ್ತೆ ಮತ್ತೆ ಬರುತ್ತದೆ. ಎಲ್ಲ ಮನುಷ್ಯರಲ್ಲಿಯೂ ಅದು ಹೀಗೆ ಬರತಕ್ಕದ್ದೇ. 26 ಸಲದವರೆಗೆ ಬಂದರೆ ದೋಷವಿಲ್ಲ. 27ರಿಂದ 35 ಸಲ ಬಂದವರಿಗೆ ಸಾಮಾನ್ಯವಾಗಿ ರೋಗ ಬಾರದು. ಆದರೆ ಅವರ ಮಕ್ಕಳಲ್ಲಿ ಸಂಖ್ಯೆ ಹೆಚ್ಚಬಹುದು. 36ರಿಂದ 39 ಇದ್ದವರಲ್ಲಿ ಕೆಲವರಿಗೆ ರೋಗ ಬರುತ್ತದೆ, ಕೆಲವರಿಗೆ ಬರುವುದಿಲ್ಲ. 40 ಅಥವಾ ಅದಕ್ಕಿಂತ ಹೆಚ್ಚಾದರೆ, ಸಾಕಷ್ಟು ಕಾಲ ಬದುಕಿದವರಿಗೆ ರೋಗ ತಪ್ಪದು. ಸಂಖ್ಯೆ ಹೆಚ್ಚಿದಷ್ಟೂ ರೋಗ ಬೇಗ ಬರುತ್ತದೆ. ಒಂದೊಂದು ಸಿ-ಎ-ಜಿಯೂ ಗ್ಲುಟಮಿನ್ ಎಂಬ ಅಮೈನೋ ಆಮ್ಲವೊಂದನ್ನು ಪೋಣಿಸೆಂದು ಹೇಳುವ ಆಜ್ಞೆ. ಆಜ್ಞೆ ಅತಿಯಾದಾಗ ‘ಹಂಟಿಂಗ್ಟಿನ್’ ಎಂಬ ಪ್ರೋಟೀನಿನಲ್ಲಿ ಗ್ಲುಟಮಿನ್ನಿನ ಸರ ಉದ್ದವಾಗಿ, ಅದು ಸರಿಯಾಗಿ ಮಡಿಚಿಕೊಳ್ಳದೆ ಗಂಟುಗಂಟಾಗುತ್ತದೆ, ನರಕೋಶಗಳಿಗೆ ವಿಷವಾಗುತ್ತದೆ. ನಕಲಾಗುವಾಗ ಈ ಸಂಖ್ಯೆ ಇನ್ನಷ್ಟು ಬೆಳೆಯುವುದುಂಟು. ತಂದೆಯ ಕಡೆಯಿಂದ ಬಂದಾಗ ಹೀಗಾಗುವುದು ಹೆಚ್ಚು. ಇದರಿಂದಲೇ ಕೆಲವು ಮನೆಗಳಲ್ಲಿ ಮಗನಿಗೆ ತಂದೆಗಿಂತ ಚಿಕ್ಕ ಪ್ರಾಯದಲ್ಲಿ ರೋಗ ಬರುತ್ತದೆ. ಹಿಂದಿನವರು ಶಾಪ ಬಲಿಯುತ್ತಿದೆಯೆಂದು ತಿಳಿದದ್ದು ಅಕ್ಷರಗಳ ಎಣಿಕೆಯಲ್ಲಿ ಉಂಟಾದ ಏರಿಕೆಯಷ್ಟೆ.

ಮೂಲ ತಿಳಿದದ್ದರಿಂದ ಒಂದು ಹೊಸ ಸಮಸ್ಯೆಯೂ ಹುಟ್ಟಿತು. ತೊಟ್ಟು ರಕ್ತದಿಂದ, ರೋಗ ಮುಂದೆ ಬರುವುದೋ ಇಲ್ಲವೋ ಎಂಬುದನ್ನು ಇಂದೇ ಹೇಳಬಹುದು. ಆದರೆ ರೋಗವನ್ನು ಗುಣಪಡಿಸುವ ಮದ್ದು ಇಲ್ಲ. ಹೀಗಿರುವಾಗ ಇಪ್ಪತ್ತೈದರ ತರುಣನೊಬ್ಬ ತನ್ನ ನಲವತ್ತೈದನೆಯ ವಯಸ್ಸನ್ನು ಮುಂದಾಗಿಯೇ ತಿಳಿದುಕೊಳ್ಳಬೇಕೆ? ತಿಳಿದರೆ ಮದುವೆ, ಮಕ್ಕಳು, ಉದ್ಯೋಗ ಇವನ್ನೆಲ್ಲ ಯೋಚಿಸಿ ನಡೆಯಬಹುದು. ತಿಳಿಯದಿದ್ದರೆ ಆಶೆಯೊಂದು ಉಳಿದಿರುತ್ತದೆ. ಅಪಾಯದಲ್ಲಿರುವವರ ಪೈಕಿ ಪರೀಕ್ಷೆಗೆ ಒಳಗಾದವರಿಗಿಂತ ಬೇಡವೆಂದವರೇ ಹೆಚ್ಚು. ರೋಗವಿಲ್ಲವೆಂದು ತಿಳಿದವರಲ್ಲಿಯೂ ಕೆಲವರು, ತಾನು ಪಾರಾಗಿ ತಂಗಿ ಸಿಕ್ಕಿಬಿದ್ದಳಲ್ಲ ಎಂದು ಕೊರಗುವುದುಂಟು. ಆದುದರಿಂದ ಪರೀಕ್ಷೆಗೆ ಮುಂಚೆ ಮತ್ತು ಅನಂತರ ಆಪ್ತಸಲಹೆ ನೀಡಬೇಕು, ಯಾರನ್ನೂ ಬಲವಂತಪಡಿಸಬಾರದು, ರೋಗದ ಲಕ್ಷಣವಿಲ್ಲದ ಮಕ್ಕಳು ಪ್ರಾಯಕ್ಕೆ ಬರುವ ತನಕ ಅವರನ್ನು ಪರೀಕ್ಷಿಸಬಾರದು ಎಂಬ ನಿಯಮಗಳನ್ನು ವೈದ್ಯಲೋಕ ಮಾಡಿಕೊಂಡಿದೆ. ತಿಳಿಯುವ ಹಕ್ಕಿನಂತೆಯೇ ತಿಳಿಯದಿರುವ ಹಕ್ಕೂ ಮನುಷ್ಯನಿಗಿದೆ.

ಈ ಎಚ್ಚರಿಕೆ ಸುಮ್ಮನೆ ಬಂದದ್ದಲ್ಲ. ವಂಶದ ವಿದ್ಯೆ ಕರುಣೆಯಿಲ್ಲದವರ ಕೈಗೆ ಸಿಕ್ಕಿದ ಕಾಲವೂ ಇತ್ತು. ಜರ್ಮನಿಯಲ್ಲಿ ಹಿಟ್ಲರನ ಸರಕಾರ 1933ರಲ್ಲಿ ಒಂದು ಕಾಯಿದೆಯನ್ನು ತಂದು, ಆನುವಂಶಿಕ ರೋಗಿಗಳೆಂದು ತಾನು ಪಟ್ಟಿ ಮಾಡಿದವರಿಗೆ ಬಲಾತ್ಕಾರದಿಂದ ಸಂತಾನಹರಣ ಚಿಕಿತ್ಸೆ ಮಾಡಿಸಿತು. ಆ ಪಟ್ಟಿಯಲ್ಲಿ ಹಂಟಿಂಗ್‌ಟನ್ ರೋಗದ ಹೆಸರೂ ಇತ್ತು. ರೋಗವನ್ನು ಅಳಿಸುವ ನೆಪದಲ್ಲಿ ರೋಗಿಯನ್ನೇ ಅಳಿಸಹೊರಟಾಗ ವಿಜ್ಞಾನ ವಿಜ್ಞಾನವಾಗಿ ಉಳಿಯದೆಂಬುದಕ್ಕೆ ಇದೊಂದು ಕಹಿ ನಿದರ್ಶನ.

ಪ್ರಬಲ ಬಗೆಯ ಅಪರೂಪದ ರೋಗ ದೂರದೇಶದ ಸಂಗತಿ ಮಾತ್ರವಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುಭಾಗದಲ್ಲಿ ಒಂದು ವಿಚಿತ್ರ ಕಾಯಿಲೆ ಹೊರಜಗತ್ತಿನ ಗಮನಕ್ಕೆ ಬಂತು. ಬಡ ಕೂಲಿಕಾರರ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ಕೀಲುಗಳು ನೋಯತೊಡಗಿ ಸವೆದುಹೋಗುತ್ತಿದ್ದವು. ಕೆಲವರ ಬೆಳವಣಿಗೆಯೇ ಕುಂಠಿತವಾಗಿತ್ತು. ಕೆಲವರು ಅಂಬೆಗಾಲಿಕ್ಕಿ ಸಾಗಬೇಕಾಗಿತ್ತು. ಗದ್ದೆಗಳಿಗೆ ಸಿಂಪಡಿಸಿದ ಕೀಟನಾಶಕದ ವಿಷ ಏಡಿಗಳ ಮೂಲಕ ಹೊಟ್ಟೆ ಸೇರಿ ಹೀಗಾಗುತ್ತಿದೆಯೆಂಬ ಶಂಕೆ ಮೊದಲು ಎದ್ದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದು ಕುಟುಂಬದೊಳಗೆ ಹರಿಯುವ ಕೀಲುರೋಗವೆಂದು ಬರೆದರು. ಮುಂದೆ ವಂಶಾವಳಿಗಳನ್ನು ಬಿಡಿಸಿ ನೋಡಿದಾಗ, ತಲೆಮಾರಿನಿಂದ ತಲೆಮಾರಿಗೆ ಹೆಣ್ಣು ಗಂಡೆನ್ನದೆ ಇಳಿದುಬರುವ ಪ್ರಬಲ ಬಗೆಯ ರೋಗವಿದೆಂಬುದು ಕಂಡಿತು. ಹಂದಿಗೋಡು ರೋಗವೆಂಬ ಹೆಸರಿನಿಂದಲೇ ಅದು ವೈದ್ಯಗ್ರಂಥಗಳನ್ನು ಸೇರಿದೆ. ಲಾಂಗ್ ಐಲೆಂಡಿನಲ್ಲಿಯೂ ಮಾರಕೈಬೊದಲ್ಲಿಯೂ ಮಲೆನಾಡಿನಲ್ಲಿಯೂ ನಿಯಮ ಒಂದೇ; ನೋವೂ ಒಂದೇ.

ಇಂದು ಹಂಟಿಂಗ್‌ಟನ್ ರೋಗಿಗಳ ಅಂಗಾಂಗಗಳ ಅಲುಗಾಟವನ್ನು ತಗ್ಗಿಸುವ, ಮನಸ್ಸಿನ ಕುಗ್ಗುವಿಕೆಯನ್ನು ಕಡಿಮೆ ಮಾಡುವ ಔಷಧಿಗಳುಂಟು. ಕೆಟ್ಟ ಪ್ರೋಟೀನು ಹುಟ್ಟುವುದನ್ನೇ ತಗ್ಗಿಸುವ ಪ್ರಯೋಗಗಳು ನಡೆಯುತ್ತಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ರೋಗದ ಪರೀಕ್ಷೆ, ಸಲಹೆ ಎರಡೂ ದೊರೆಯುತ್ತವೆ. 2021ರಲ್ಲಿ ಭಾರತ ಸರಕಾರವು ವಿರಳ ರೋಗಗಳಿಗೆಂದೇ ಒಂದು ರಾಷ್ಟ್ರೀಯ ನೀತಿಯನ್ನು ಹೊರಡಿಸಿದೆ. ಸಾವಿರಾರು ಜನರ ವಂಶವೃಕ್ಷವನ್ನು ಬರೆದ ನ್ಯಾನ್ಸಿ ವೆಕ್ಸ್‌ಲರ್, ತಮಗೂ ಆ ರೋಗ ಬಂದಿದೆಯೆಂದು 2020ರಲ್ಲಿ ಬಹಿರಂಗವಾಗಿ ಹೇಳಿದರು. ಮುಚ್ಚಿಡುವುದಕ್ಕೆ ಇದರಲ್ಲಿ ನಾಚಿಕೆಯ ವಿಷಯವೇನೂ ಇಲ್ಲವೆಂಬುದೇ ಅವರು ತೋರಿಸಿಕೊಟ್ಟ ದಾರಿ.

ಗ್ರಂಥದಲ್ಲಿ ಒಂದು ತಪ್ಪಕ್ಷರ ಬಿದ್ದಿತೆಂದು ಯಾರೂ ಗ್ರಂಥವನ್ನು ಸುಡುವುದಿಲ್ಲ. ವಿದ್ವಾಂಸನಾದವನು ತಪ್ಪು ಎಲ್ಲಿದೆಯೆಂದು ಹುಡುಕುತ್ತಾನೆ, ತಿದ್ದಲು ಯತ್ನಿಸುತ್ತಾನೆ, ತಿದ್ದಲಾಗದಿದ್ದರೆ ಉಳಿದ ಗ್ರಂಥವನ್ನು ಗೌರವದಿಂದ ಓದುತ್ತಾನೆ. ಆನುವಂಶಿಕ ರೋಗದಿಂದ ಬಳಲುವ ಮನುಷ್ಯನೂ ಅಂತಹ ಗ್ರಂಥವೇ. ಅವನ ವಂಶವಾಹಿಗಳು ಸಾವಿರಾರು, ಕೆಟ್ಟದ್ದು ಒಂದು. ಹಿರಿಯರಿಂದ ಬಂದದ್ದನ್ನು ಆರಿಸಿಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ಬಂದವರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದು ಮಾತ್ರ ಪ್ರತಿಯೊಂದು ಸಮಾಜದ ಕೈಯಲ್ಲಿಯೂ ಇದೆ.